6250 ವಾರ್ನಿಂಗ್ ಬಂದರೆ ಬಾಯಿ ಮುಚ್ಚಿಸಬೇಡಿ

ವಿಂಡೋಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಬರೆಯುವವರು ಇದನ್ನೊಮ್ಮೆ ಓದಿ. ನಾನು ಪೆಟ್ಟು ತಿಂದಾಗಿದೆ.

ಕುಶಾಲನಗರದ ಕಡೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ವೇಬ್ರಿಡ್ಜ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಗಾಡಿ ಬಂದು ನಿಂತರೆ ತೂಕ, ಜೊತೆಗೆ ಮುಂದಿನಿಂದೊಂದು ಹಿಂದಿನಿಂದೊಂದು ಫೋಟೋ. ಕ್ಯಾಮೆರಾ ಡ್ರೈವರ್ ಹಳೆಯದು, ಹಾಗಾಗಿ ಪ್ರೋಗ್ರಾಂ 32 ಬಿಟ್. ಒಂದೊಂದು ಫೋಟೋಗೂ ವಿಂಡೋಸ್‌ನ ವರ್ಚುವಲ್‌ಅಲಾಕ್‌ನಿಂದ 4 ಎಂಬಿ ಮೆಮೊರಿ ಪಡೆದು, ಆಮೇಲೆ ಅದನ್ನು ಬಿಟ್ಟುಕೊಡಲು ವರ್ಚುವಲ್‌ಫ್ರೀ ಕರೆಯುತ್ತಿದ್ದೆ.

ಅದಕ್ಕೆ ಮೊದಲು ಕೊಟ್ಟ ಫ್ಲ್ಯಾಗ್ ಮೆಮ್ ರಿಲೀಸ್, ಜೊತೆಗೆ ಸೈಜ್. ಕೋಡ್‌ನಲ್ಲಿ ತಪ್ಪು ಹುಡುಕುವ ವಿಷುವಲ್ ಸ್ಟುಡಿಯೋದ ಕೋಡ್ ಅನಾಲಿಸಿಸ್ ಸಿ6333 ಎಂದು ಬೈಯಿತು. ರಿಲೀಸ್ ಮಾಡುವಾಗ ಸೈಜ್ ಸೊನ್ನೆಯೇ ಇರಬೇಕು, ಇಲ್ಲದಿದ್ದರೆ ಕರೆಯೇ ಫೇಲ್. ನಾನು ಅರ್ಧ ಓದಿ, ಸೈಜ್ ಹಾಗೇ ಬಿಟ್ಟು ಫ್ಲ್ಯಾಗ್ ಬದಲಿಸಿದೆ: ಮೆಮ್ ಡಿಕಮಿಟ್. 6333 ಹೋಯಿತು, ಆ ಜಾಗಕ್ಕೆ ಸಿ6250 ಬಂತು: ಮೆಮ್ ರಿಲೀಸ್ ಇಲ್ಲದೆ ವರ್ಚುವಲ್‌ಫ್ರೀ ಕರೆದರೆ ವಿಳಾಸದ ಜಾಗ ಸೋರುತ್ತದೆ ಎಂಬ ಎಚ್ಚರಿಕೆ. ರಾತ್ರಿ ಹನ್ನೊಂದು ಗಂಟೆ, ಹೊರಗೆ ಮಡಿಕೇರಿ ಮಳೆ. ಸುಮ್ನೆ ಒಂದು ಪ್ರಾಗ್ಮಾ, ಅಂದರೆ ಕಂಪೈಲರ್‌ಗೆ ಒಂದು ಸೂಚನೆ, ಹಾಕಿ ಆ ವಾರ್ನಿಂಗ್ ಅಡಗಿಸಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಏರುತ್ತಿರಲಿಲ್ಲ. ಸರಿಯಾಯ್ತು ಅಂದುಕೊಂಡು ಮಲಗಿದೆ.

ಡಿಕಮಿಟ್ ಅಂದರೆ ಕಣದಿಂದ ಕಾಫಿ ಬಾಚಿಕೊಂಡು ಹೋದ ಹಾಗೆ. ಕಣ ಖಾಲಿ, ಆದರೆ ಸುತ್ತ ಕಟ್ಟಿದ ಹಗ್ಗ ಬಿಚ್ಚಿಲ್ಲ. ಬೇರೆಯವರು ಅಲ್ಲಿ ಹರಡುವ ಹಾಗಿಲ್ಲ. 32 ಬಿಟ್ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವ ಕಣ, ಅಂದರೆ ವಿಳಾಸದ ಜಾಗವೇ, 2 ಜಿಬಿ. 4 ಎಂಬಿಯಂತೆ ಹಗ್ಗ ಕಟ್ಟುತ್ತಾ ಹೋದರೆ 512ಕ್ಕೆ ಮುಗಿಯಿತು. ಡಿಎಲ್‌ಎಲ್‌ಗಳು ಹಿಡಿದದ್ದು ಕಳೆದರೆ ಇನ್ನೂ ಕಡಿಮೆ.

ಮಳೆಗಾಲದ ಟೆಸ್ಟಿಂಗ್‌ನಲ್ಲಿ ಇದು ಯಾಕೆ ಸಿಗಲಿಲ್ಲ ಗೊತ್ತಾ? ಕರೆಂಟ್! ದಿನಕ್ಕೊಮ್ಮೆಯಾದರೂ ಹೋಗುತ್ತಿತ್ತು, ಕಂಪ್ಯೂಟರ್ ಮತ್ತೆ ಶುರುವಾಗುತ್ತಿತ್ತು, ಹಗ್ಗಗಳೆಲ್ಲ ತಾವಾಗಿ ಬಿಚ್ಚುತ್ತಿದ್ದವು. ನನ್ನ ಬಗ್ ಅನ್ನು ಲೈನ್‌ಮ್ಯಾನ್‌ಗಳು ಕಾಪಾಡುತ್ತಿದ್ದರು.

ಫೆಬ್ರವರಿಯಲ್ಲಿ ಕರೆಂಟ್ ಸರಿ ಇತ್ತು. ದಿನಕ್ಕೆ ಎಂಬತ್ತು ಗಾಡಿ. ಮೂರನೇ ದಿನ ಸಂಜೆ ಫೋನ್. "ಸಾರ್, ಸ್ಕ್ರೀನ್ ಹೋಯ್ತು. ಚೆರ್ರಿ ತುಂಬಿದ ಲಾರಿ ಗೇಟ್ ತನಕ ನಿಂತಿದೆ, ಬೇಗ ಬನ್ನಿ." ವರ್ಚುವಲ್‌ಅಲಾಕ್ ನಲ್ ಕೊಟ್ಟಿತ್ತು, ಅಂದರೆ ಜಾಗ ಸಿಕ್ಕಿರಲಿಲ್ಲ. ನಾನು ಅದನ್ನೂ ನೋಡದೆ ಅಲ್ಲೇ ಬರೆಯಲು ಹೋಗಿದ್ದೆ. ಆ ರಾತ್ರಿ ಪುಸ್ತಕದಲ್ಲಿ ಕೈಯಲ್ಲೇ ತೂಕ ಬರೆದರು. ಆ ತಿಂಗಳ ನನ್ನ ಬಿಲ್ ಅರ್ಧಕ್ಕೆ ಇಳಿಯಿತು, ತಕರಾರು ಮಾಡುವ ಮುಖ ನನಗಿರಲಿಲ್ಲ.

ಪ್ರೋಗ್ರಾಂನ ಮೆಮೊರಿ ನಕ್ಷೆ ತೋರಿಸುವ ವಿಎಂಮ್ಯಾಪ್ ತೆರೆದು ನೋಡಿದ ಮೇಲೇ ಅರ್ಥವಾದದ್ದು. ರಿಸರ್ವ್ ಆದ 4 ಎಂಬಿ ತುಂಡುಗಳು ಸಾಲಾಗಿ ಕೂತಿದ್ದವು.

ಸರಿಪಡಿಸಿದ್ದು ಒಂದೇ ಸಾಲು: ಸೈಜ್ ಜಾಗಕ್ಕೆ ಸೊನ್ನೆ, ಫ್ಲ್ಯಾಗ್ ಮೆಮ್ ರಿಲೀಸ್ ಮಾತ್ರ. ಇರಲಿ ಅಂತ ಡಿಕಮಿಟ್ ಅನ್ನೂ ಜೊತೆಗೆ ಸೇರಿಸಬೇಡಿ, ಎರಡೂ ಒಟ್ಟಿಗೆ ನಡೆಯಲ್ಲ. ಅಲಾಕ್ ಕೊಟ್ಟ ಮೊದಲ ವಿಳಾಸವನ್ನೇ ವಾಪಸ್ ಕೊಡಿ. ಲೂಪ್‌ನಲ್ಲಿ ಮುಂದೆ ಸರಿಸಿದ ಪಾಯಿಂಟರ್ ಕೊಟ್ಟರೆ ಬಿಡುಗಡೆ ಆಗಲ್ಲ. ವರ್ಚುವಲ್‌ಫ್ರೀ ಸೊನ್ನೆ ಹಿಂದಿರುಗಿಸಿದರೆ ಗೆಟ್‌ಲಾಸ್ಟ್‌ಎರರ್ ಕೊಡುವ ತಪ್ಪಿನ ಸಂಖ್ಯೆಯನ್ನು ಲಾಗ್‌ಗೆ ಬರೆಯಿರಿ. ನಾನು ಮೊದಲೇ ಹಾಗೆ ಮಾಡಿದ್ದರೆ ಸೈಜ್ ಜೊತೆ ರಿಲೀಸ್ ಬರೆದ ಆ ಮೊದಲ ಕೋಡ್‌ನಲ್ಲೇ 87, ಅಂದರೆ ತಪ್ಪು ಪ್ಯಾರಾಮೀಟರ್ ಅಂತ ಕಾಣುತ್ತಿತ್ತು, ಅಲ್ವಾ.

ಆ ಪ್ರಾಗ್ಮಾ ಅಳಿಸಿದೆ. ಹುಡುಕಿದರೆ ಅದೇ ಪ್ರಾಜೆಕ್ಟ್‌ನಲ್ಲಿ ಅಂಥವು ಇನ್ನೂ ನಾಲ್ಕು ಸಿಕ್ಕವು. ನಾಲ್ಕೂ ನನ್ನವೇ.