ದುಡ್ಡು ಕೊಟ್ಟ ಜಾಹೀರಾತು, ಬಿಟ್ಟಿ ರೀಲ್: ಆಪರೇಟರ್ ಸಿಕ್ಕಿದ್ದು ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ರೀಲ್‌ಗೆ. ಪೀಣ್ಯದಲ್ಲಿ 40 ಜನ ಕೆಲಸ ಮಾಡುವ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಆಳು ಹುಡುಕುವ ಹೊಣೆ ನನ್ನದು. ಕಳೆದ ವರ್ಷ ಇಬ್ಬರು ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಮೆಷಿನ್) ಆಪರೇಟರ್‌ಗಳು ಒಂದೇ ವಾರದಲ್ಲಿ ಬಿಟ್ಟುಹೋದರು. ಉದ್ಯೋಗ ಜಾಲತಾಣವೊಂದಕ್ಕೆ ಹಣ ಕಟ್ಟಿ ಜಾಹೀರಾತು ಹಾಕಿದೆ. 8,000 ರೂಪಾಯಿ ಕರಗಿತು. ಆಮೇಲೆ ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ತೆಗೆದ ರೀಲ್ ಇನ್‌ಸ್ಟಾಗ್ರಾಮ್‌ಗೆ ಹೋಯಿತು. ಖರ್ಚು ಎರಡು ಕಾಫಿ.

ಜಾಲತಾಣದ ತೊಂದರೆ ಒಂದೇ, ಆದರೆ ತಲೆ ತಿನ್ನುವಂಥದ್ದು. ಅಲ್ಲಿ ಬೆರಳು ತಾಗಿದರೆ ಸಾಕು, ಅರ್ಜಿ ಬಂದು ಬೀಳುತ್ತದೆ. ಮೊದಲ ರಾತ್ರಿಯೇ 200 ದಾಟಿತು. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಮರುದಿನ ಫೋನ್ ಹಿಡಿದು ಕುಳಿತೆ. ಮೊದಲನೆಯವನಿಗೆ ಅರ್ಜಿ ಹಾಕಿದ ನೆನಪೇ ಇಲ್ಲ. ಎರಡನೆಯವರು ಎಂಬಿಎ. ‘ವಿಎಂಸಿ ಅನುಭವ ಇದೆಯೇ’ ಎಂಬ ಪ್ರಶ್ನೆಗೆ ಎಲ್ಲರೂ ಹೌದು ಎಂದು ಗುರುತು ಹಾಕಿದ್ದರು. ಮೂರನೆಯವನು ವಿಎಂಸಿ ಎಂದರೇನು ಎಂದು ನನ್ನನ್ನೇ ಕೇಳಿದ.

ಮೂರು ದಿನ ಹೀಗೇ. ಸಂದರ್ಶನಕ್ಕೆ ಒಪ್ಪಿದವರು ಒಂಬತ್ತು, ಬಂದವರು ಇಬ್ಬರು, ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಓದಲು ಬಂದದ್ದು ಒಬ್ಬನಿಗೆ. ಇನ್ನೊಬ್ಬ, ನಮ್ಮ ಕಂಪನಿಯ ಪುಟಕ್ಕೆ ನಾವು ಕೊಂಡು ಹಾಕಿದ್ದ ಗಾಜಿನ ಕಚೇರಿಯ ಚಿತ್ರ ನೋಡಿ ಬಂದಿದ್ದ; ಮೆಷಿನ್ ತಣಿಸುವ ಕೂಲಂಟ್ ದ್ರವದ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಟ. ಆ ಚಿತ್ರದ ತಪ್ಪು ನಮ್ಮದೇ. ಇತ್ತ ದಿನದ ಲೆಕ್ಕದಲ್ಲಿ ಹಣ ಕಡಿತವಾಗುತ್ತಲೇ ಇತ್ತು. ಜಾಹೀರಾತನ್ನು ನಾವೇ ಮುಚ್ಚಬೇಕೆಂದು ತಿಳಿದದ್ದು ಕಾರ್ಡಿನ ಬಿಲ್ಲು ಬಂದ ಮೇಲೆ.

ರೀಲ್‌ನಲ್ಲಿ ಏನಿತ್ತು? ಮೆಷಿನ್ನಿನ ಬಾಗಿಲು ಸರಿಯುತ್ತದೆ, ಹಾಲಿನಂಥ ಕೂಲಂಟ್ ಇಳಿಯುತ್ತದೆ, ಹುಡುಗ ಜಾಬ್ (ಕೊರೆದ ಬಿಡಿಭಾಗ) ಎತ್ತಿ ಗಾಳಿ ಹೊಡೆದು ಅಳತೆ ನೋಡುತ್ತಾನೆ. ಹಾಡಿಲ್ಲ, ಮೆಷಿನ್ ಸದ್ದೇ. ‘ಎರಡು ಶಿಫ್ಟ್, ಇಎಸ್‌ಐ ಉಂಟು, ಪೀಣ್ಯ ಇಂಡಸ್ಟ್ರಿ ಮೆಟ್ರೋದಿಂದ ಹತ್ತು ನಿಮಿಷದ ನಡಿಗೆ’ ಎನ್ನುತ್ತಾನೆ, ಮುಗಿಯಿತು. ಕೆಳಗೆ ಬಂದ ಪ್ರಶ್ನೆ ನೋಡಿಯೇ ನನಗೆ ಜೀವ ಬಂತು. ‘ಕಂಟ್ರೋಲ್ ಫ್ಯಾನಕ್ಕೋ ಸೀಮೆನ್ಸೋ?’ ‘ಸೆಟಿಂಗ್ ಕಲಿಸುತ್ತೀರಾ?’ ‘ಓಟಿ ಸಿಂಗಲ್ಲೋ ಡಬಲ್ಲೋ?’ ಮೆಷಿನ್ ನಡೆಸುವ ಕಂಟ್ರೋಲ್ ಯಾವ ಕಂಪನಿಯದು ಎಂಬಂಥದ್ದನ್ನು ಕೆಲಸ ಗೊತ್ತಿಲ್ಲದವನು ಕೇಳುವುದೇ ಇಲ್ಲ. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆಗೆ, ಎರಡು ಪಟ್ಟು ಕೂಲಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಕೊಡುತ್ತೇವೆ ಎಂದು ಎಲ್ಲರ ಮುಂದೆ ಬರೆದೆ. ಬ್ರ್ಯಾಂಡಿಂಗ್ ಎಂದು ನಾವು ಮಾಡಿದ್ದು ಅಷ್ಟೇ. ಯಾರೋ ಆ ರೀಲನ್ನು ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ ದಾಟಿಸಿದರು. 11 ಕರೆ ಬಂದವು, ಇಬ್ಬರು ಸೇರಿದರು. ಒಬ್ಬ ದಿನವೂ ತುಮಕೂರಿನಿಂದ ರೈಲಿನಲ್ಲಿ ಬರುತ್ತಾನೆ.

ರೀಲ್‌ನಲ್ಲೂ ಎಡವಿದ್ದುಂಟು. ಮೊದಲನೆಯದನ್ನು ಅಳಿಸಬೇಕಾಯಿತು, ಹೊರಗೆ ತೋರಿಸಬಾರದ ಗ್ರಾಹಕರ ಡ್ರಾಯಿಂಗ್ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು.

ಕ್ವಾಲಿಟಿ ಎಂಜಿನಿಯರ್ ಬೇಕಾದರೆ ಈಗಲೂ ಜಾಲತಾಣಕ್ಕೇ ಹೋಗುತ್ತೇನೆ, ಆದರೆ ಮೊದಲೇ ಐದು ದಿನದ ಮಿತಿ ಹಾಕಿ. ಆಳು ಹುಡುಕಲು ವರ್ಷಕ್ಕೆ ನನ್ನ ಕೈಗೆ ಸಿಗುವುದೇ 15,000 ರೂಪಾಯಿ. ಬಸ್ಸಿನಲ್ಲಿ ಕುಳಿತೇ ಉತ್ತರ ಕೊಡುವ ನನ್ನಂಥವರಿಗೆ ರೀಲ್ ಹಿಡಿಸುತ್ತದೆ. ಒಂದು ಖರ್ಚು ಮಾತ್ರ ಆಗ ಲೆಕ್ಕಕ್ಕೆ ಬಂದಿರಲಿಲ್ಲ: ರೀಲ್ ನೋಡಿದ ಪಕ್ಕದ ಕಾರ್ಖಾನೆಯವರು ಆ ಹುಡುಗನನ್ನೇ ಕರೆದರು. ಅವನನ್ನು ಉಳಿಸಿಕೊಳ್ಳಲು ತಿಂಗಳಿಗೆ 1,500 ರೂಪಾಯಿ ಏರಿಸಿದೆವು.