ಅಂಬಾರಗೋಡ್ಲು–ಕಳಸವಳ್ಳಿ ಲಾಂಚ್: ದಿನಸಿ ಸಾಗಿಸಿದವನ ವಿಮರ್ಶೆ

ಶರಾವತಿ ಹಿನ್ನೀರು ದಾಟಿ ಸಿಗಂದೂರು ದೇವಸ್ಥಾನಕ್ಕೆ ಹೋಗಿಬಂದವರು ಈ ಲಾಂಚ್ ಬಗ್ಗೆ ತಂಗಾಳಿ, ಸೂರ್ಯಾಸ್ತ, ಫೋಟೊ ಎಂದು ಸಾಕಷ್ಟು ಬರೆದಿದ್ದಾರೆ. ನಾನು ಸಾಗರ ಪೇಟೆಯಿಂದ ಹಿನ್ನೀರಿನಾಚೆಯ ತುಮರಿ ಕಡೆಯ ಅಂಗಡಿಗಳಿಗೆ ದಿನಸಿ ಸಾಗಿಸುವವನು. ಅಕ್ಕಿ ಮೂಟೆ, ಎಣ್ಣೆ ಡಬ್ಬ, ದನಗಳ ಹಿಂಡಿ ಹೇರಿಕೊಂಡು ದಡದಲ್ಲಿ ಸರದಿ ಕಾದವನಿಗೆ ಮುಖ್ಯವಾಗುವುದು ಒಂದೇ: ಹೊರೆ ಹೊತ್ತ ಗಾಡಿಯನ್ನು ಲಾಂಚ್ ಹೇಗೆ ದಾಟಿಸುತ್ತಿತ್ತು?

ಬಹಳ ಚೆನ್ನಾಗಿ ದಾಟಿಸುತ್ತಿತ್ತು. ಅದರ ಶ್ರೇಯಸ್ಸೆಲ್ಲ ಸಿಬ್ಬಂದಿಯದು. ಬಸ್ಸು, ಜೀಪು, ಕಾರು, ಬೈಕು, ಶಾಲೆಯ ಮಕ್ಕಳು, ಅಡಿಕೆ ಮೂಟೆ ಎಲ್ಲವೂ ಒಂದೇ ಹಲಗೆಯ ಮೇಲೆ ನಿಲ್ಲಬೇಕು, ಭಾರ ಒಂದು ಬದಿಗೆ ವಾಲಬಾರದು. ಹತ್ತಿಸಲು ನಿಂತಿರುತ್ತಿದ್ದ ಹಿರಿಯರೊಬ್ಬರು ನನ್ನ ಪಿಕಪ್‌ನ ಹಿಂದಿನ ಟಯರ್ ಎಷ್ಟು ಅಮುಕಿದೆ ಎಂಬುದನ್ನು ನೋಡಿಯೇ ಜಾಗ ಗೊತ್ತುಮಾಡುತ್ತಿದ್ದರು. ಒಳಗೆ ಏನಿದೆ ಎಂದು ಕೇಳುತ್ತಲೇ ಇರಲಿಲ್ಲ. “ಇನ್ನೊಂದು ಗೇಣು ಬನ್ನಿ ಮಾರಾಯರೇ” ಎಂದು ಕೈಬೀಸುವರು. ಆ ಗೇಣು ಮುಗಿಯುವಷ್ಟರಲ್ಲಿ ಅಂಗೈ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಎಡಬಲದ ಕಾರುಗಳಿಗೂ ನನಗೂ ನಡುವೆ ಬಾಗಿಲು ತೆರೆಯುವಷ್ಟು ಜಾಗವಿರುತ್ತಿರಲಿಲ್ಲ. ಆದರೂ ನನ್ನ ಗಾಡಿಗೆ ಒಂದು ಗೀರು ಬಿದ್ದಿಲ್ಲ.

ಕಷ್ಟವೆಲ್ಲ ಬೇಸಿಗೆಯದು. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟನ್ನು 1964ರಲ್ಲಿ ಕಟ್ಟಿ ಮುಗಿಸಿದ್ದು ವಿದ್ಯುತ್ತಿಗಾಗಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ನೀರು ಇಳಿದಂತೆ ದಡವೂ ಕೆಳಕೆಳಗೆ ಜಾರುತ್ತದೆ, ಮುಳುಗಿದ್ದ ಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ, ಗಾಡಿ ಇಳಿಸುವ ಜಾಗ ಕೆಸರಾಗುತ್ತದೆ. ಮಟ್ಟ ತೀರಾ ಕುಸಿದ ವರ್ಷಗಳಲ್ಲಿ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದರು. ಆಗ ಈ ದಡದಲ್ಲಿ ಮೂಟೆ ಇಳಿಸಿ, ಹೆಗಲ ಮೇಲೆ ಲಾಂಚಿಗೆ ಹೊತ್ತು, ಆ ದಡದಲ್ಲಿ ಇನ್ನೊಂದು ಗಾಡಿಗೆ ಹೇರಬೇಕು. ಕೂಲಿ ಏರುತ್ತಿತ್ತು, ಹಿಂಡಿಯ ಚೀಲ ಹರಿಯುತ್ತಿತ್ತು, ಕೊನೆಗೆ ಅದರ ಭಾರ ಹಿನ್ನೀರಿನಾಚೆಯ ಮನೆಗಳ ಮೇಲೆಯೇ ಬೀಳುತ್ತಿತ್ತು.

ಹಬ್ಬ, ರಜೆಯ ದಿನಗಳ ಸರದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೋದವರಿಗೆಲ್ಲ ಗೊತ್ತು. ಅದಕ್ಕಿಂತ ದೊಡ್ಡ ಕೊರತೆ ರಾತ್ರಿಯದು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವೋ ಎದೆನೋವೋ ಬಂದರೆ ಆಚೆ ದಡದವರ ಪಾಡು ಕೇಳುವಂತಿರಲಿಲ್ಲ. ಲಾಂಚ್ ಎಷ್ಟೇ ಚೆನ್ನಾಗಿದ್ದರೂ ಈ ಒಂದು ಕಾರಣಕ್ಕೆ ಅದು ಸಾಲದಾಗಿತ್ತು. ನಾಡಿಗೆ ಬೆಳಕು ಕೊಡಲು ಊರು, ಗದ್ದೆ ಮುಳುಗಿಸಿಕೊಂಡವರು ರಸ್ತೆಗಾಗಿ ಆರು ದಶಕ ಕಾಯಬೇಕಾಯಿತು ಎಂಬುದನ್ನು ನೆನೆದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ.

2025ರ ಜುಲೈ 14ರಂದು ಈ ಎರಡು ದಡಗಳ ನಡುವಿನ ಸೇತುವೆ ಉದ್ಘಾಟನೆಯಾಯಿತು. ಈಗ ನನ್ನ ಪಿಕಪ್ ಬೆಳಿಗ್ಗೆ ಹೊರಟರೆ ಎಲ್ಲಿಯೂ ಕಾಯದೆ ತುಮರಿ ಮುಟ್ಟುತ್ತದೆ. ಲಾಂಚ್ ಪ್ರಯಾಣದ ಸೊಗಸು ಹೋಯಿತೆಂದು ಮರುಗುವವರ ಜೊತೆ ನಾನಿಲ್ಲ.

ಐದರಲ್ಲಿ ಅಂಕ ಕೊಡುವುದಾದರೆ ವ್ಯವಸ್ಥೆಗೆ ಎರಡು, ಸಿಬ್ಬಂದಿಗೆ ಐದು. ಟಯರ್ ನೋಡಿ ತೂಕ ಹೇಳಬಲ್ಲ ಇಂಥವರನ್ನು ಸೇತುವೆ ಬಂದ ನೆಪದಲ್ಲಿ ಮನೆಗೆ ಕಳುಹಿಸಬಾರದು. ಲಾಂಚ್ ಓಡುವ ಬೇರೆ ಯಾವ ಕಡವಿನಲ್ಲಾದರೂ ಅವರಿಗೆ ಕಾಯಂ ಕೆಲಸ ಸಿಗಬೇಕು.