ಅಜ್ಜಿ ಸತ್ಯವೇದ (ಬೈಬಲ್) ಬೈಂಡಿಂಗ್ ಮಾಡಿಸಿದ್ವಿ, ಬಳ್ಳಾರಿನಲ್ಲೇ

ಕೌಲ್ ಬಜಾರ್ ಕಡೆ ಒಂದು ಗಲ್ಲಿನಲ್ಲಿ ಬೋರ್ಡ್ ಕೂಡ ಇಲ್ಲದ ಸಣ್ಣ ಬೈಂಡಿಂಗ್ ಅಂಗಡಿ ಐತೆ, ಅದರ ಬಗ್ಗೆ ಬರೀಲೇಬೇಕು ಅನ್ನಿಸ್ತು.

ಅಜ್ಜಿ ಸತ್ಯವೇದದ ಬೆನ್ನು ಪೂರ್ತಿ ಕಿತ್ತೋಗಿತ್ತು. ನಮ್ಮೂರ ಬಿಸಿಲಿಗೆ ಹಳೇ ಅಂಟು ಹಪ್ಪಳ ಮುರಿದಂಗೆ ಪುಡಿಪುಡಿ, ಮೊದಲ ಪುಸ್ತಕ ಆದಿಕಾಂಡ ಬೇರೆ, ಕೊನೇದು ಪ್ರಕಟನೆ ಬೇರೆ. ಮೊದಲು ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ವಿ, ಅವರು ಸೆಲ್ಲೋಟೇಪ್ ಹಚ್ಚಿ, ಅಂಚು ಸಮ ಮಾಡ್ತೀವಿ ಅಂತ ಮೆಷಿನ್ನಿಗೆ ಕೊಟ್ಟು ಕತ್ತರಿಸೋಕೆ ಶುರು ಮಾಡಿದ್ರು, ಕೊನೇ ಕೆಲವು ಹಾಳೆ ಅಂಚು ಹೋದಮೇಲೆ ನಮ್ಮಮ್ಮ ಕೂಗಿ ನಿಲ್ಲಿಸಿದ್ಲು. ಆ ಹಾಳೆ ಅಂಚಲ್ಲಿ ಅಜ್ಜಿ ಪೆನ್ಸಿಲ್‌ನಲ್ಲಿ ಬರೆದಿದ್ದೆಲ್ಲಾ ಹೋಯ್ತು. ಅವತ್ತಿನ ಸಂಕಟ ಹೇಳೋಕಾಗಲ್ಲ.

ಈ ಅಂಗಡಿ ಹಿರಿಯರು ಅದನ್ನ ನೋಡಿ ಮೊದಲು ಕೈ ತೊಳ್ಕೊಂಡು ಬಂದ್ರು. ಆಮೇಲೆ ಒಂದೊಂದೇ ಹಾಳೆ ತಿರುವಿ ನೋಡಿ "ಅಂಚಿಗೆ ಬ್ಲೇಡ್ ತಾಗಿಸಲ್ಲಮ್ಮಾ, ಬರೆದಿರೋದು ಹಂಗೇ ಇರ್ಲಿ" ಅಂದ್ರು. ದಿನಾ ಪ್ರಾರ್ಥನೆ ಮಾಡೇ ಸೂಜಿ ಹಿಡಿಯೋದಂತೆ. ಬೈಬಲ್‌ನ ವಿಮೋಚನಕಾಂಡ 31ರಲ್ಲಿ ದೇವರು ತನ್ನ ಗುಡಾರ ಕಟ್ಟೋ ಕೆಲಸಗಾರ ಬೆಚಲೇಲನಿಗೆ ಆತ್ಮ ಕೊಟ್ಟಿದ್ದು ಕೈಕೆಲಸಕ್ಕೇ ಅಲ್ವಾ, ನನಗೂ ಇದೇ ಆರಾಧನೆ ಅಂದ್ರು. ಬೈಬಲ್ ತಂದವರ ಹತ್ರ ಸಾಮಾನಿನ ಖರ್ಚು ಮಾತ್ರ ತಗೊಳ್ತಾರೆ, ನಮಗೆ 650 ರೂಪಾಯಿ ಆಯ್ತು.

ಕೆಲಸ ನೋಡ್ಬೇಕು ನೀವು. ಬೈಬಲ್ ಹಾಳೆ ಎಷ್ಟು ತೆಳು ಅಂತ ಗೊತ್ತಲ್ಲ, ಮಡಿಕೆ ಹತ್ರ ಹರಿದಿದ್ರೆ ಸೂಜಿ ಹಾಕಿದ ಕೂಡ್ಲೇ ಇನ್ನೂ ಹರೀತೈತೆ, ಅದಕ್ಕೆ ಪ್ರತಿ ಫಾರಂ (ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟು) ಬೆನ್ನಿಗೆ ತೆಳುವಾದ ಟಿಶ್ಯೂ ಪೇಪರ್ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಮೇಣ ಸವರಿದ ದಾರದಲ್ಲಿ ಒಂದೊಂದೇ ಫಾರಂ ಹೊಲಿದಿದ್ದಾರೆ. ಅಂಟು ಮನೇಲೇ ಕಾಸಿದ ಮೈದಾದ್ದು, ಹುಳ ಬರಬಾರ್ದು ಅಂತ ಚಿಟಿಕೆ ಮೈಲುತುತ್ತ. ಫೆವಿಕಾಲ್ ಯಾಕಿಲ್ಲ ಅಂತ ಕೇಳಿದೆ. ಇನ್ನೈವತ್ತು ವರ್ಷಕ್ಕೆ ನಿಮ್ಮ ಮೊಮ್ಮಕ್ಕಳು ಬಿಚ್ಚಿಸೋಕೆ ಬಂದ್ರೆ ಇದು ನೀರು ತಾಗಿಸಿದ್ರೆ ಬಿಡ್ತೈತೆ, ಅದು ಹಾಳೆನೂ ಕಿತ್ತುಕೊಂಡೇ ಬರ್ತೈತೆ ಅಂದ್ರು. ಈಗ ಯಾವ ಪುಟ ತೆಗೆದಿಟ್ರೂ ತಾನಾಗೇ ಮುಚ್ಕೊಳ್ಳಲ್ಲ, ಮೇಜಿನ ಮೇಲೆ ಹಾಸಿದಂಗೆ ಕೂತ್ಕೊಳ್ತೈತೆ.

ನಮ್ಮೂರಲ್ಲಿ ಇಂಥ ಕೆಲಸ ಉಳಿದಿರೋದು ನಂಗೆ ದೊಡ್ಡ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತವರು, ಇಡೀ ಬೈಬಲ್ ಕನ್ನಡದಲ್ಲಿ ಬರೋ ಹೊತ್ತಿಗೆ 1831 ಆಗಿತ್ತು. ಅಷ್ಟು ವರ್ಷದ ಕಷ್ಟ ಗೊತ್ತಿದ್ರೆ ಹರಿದ ಬೈಬಲ್‌ನ ಗಂಟು ಕಟ್ಟಿ ಅಟ್ಟಕ್ಕೆ ಹಾಕೋಕೆ ಮನಸ್ಸು ಬರಲ್ಲ.

ಕೊರತೆನೂ ಹೇಳ್ಬೇಕು. ಎರಡು ವಾರ ಅಂದಿದ್ದು ಏಳು ವಾರ ಆಯ್ತು. ಬೆನ್ನ ಮೇಲೆ ಬಂಗಾರದ ಅಕ್ಷರ ಹಾಕೋಕೆ ಅವರ ಹತ್ರ ಕನ್ನಡ ಅಚ್ಚಿಲ್ಲ, ಬರೀ ಕಪ್ಪು ರೆಕ್ಸಿನ್. ಸೆಲ್ಲೋಟೇಪಿನ ಹಳದಿ ಕಲೆ ಪೂರ್ತಿ ಹೋಗಿಲ್ಲ, ಉಜ್ಜಿದ್ರೆ ಅಕ್ಷರ ಹೋಗ್ತೈತೆ ಅಂತ ಬಿಟ್ಟಿದ್ದಾರೆ, ಅದು ಸರೀನೇ.

ವಾಪಸ್ ಕೊಡೋವಾಗ ಜೊತೆಗೆ ಒಂದು ಕವರ್ ಕೊಟ್ರು. ಪುಟಗಳ ಮಧ್ಯೆ ಸಿಕ್ಕಿದ್ದೆಲ್ಲಾ ಅದರಲ್ಲಿ, ಈಸ್ಟರ್ ಹಿಂದಿನ ಗರಿಗಳ ಭಾನುವಾರದ ಒಣಗಿದ ಗರಿ ಶಿಲುಬೆ, ಒಂದು ಬಸ್ ಟಿಕೆಟ್, ಪ್ರತಿಯೊಂದಕ್ಕೂ ಯಾವ ಪುಟದಲ್ಲಿತ್ತು ಅಂತ ಚೀಟಿ. ಟಿಕೆಟ್ ಇದ್ದಿದ್ದು ಕೀರ್ತನೆ 121ರಲ್ಲಿ, ಹೋಗುವಾಗ ಬರುವಾಗ ದೇವರು ಕಾಯ್ತಾನೆ ಅನ್ನೋದು. ಪಕ್ಕದಲ್ಲಿ ಅಜ್ಜಿ ಅಕ್ಷರ, ನಮ್ಮಪ್ಪ ತೋರಣಗಲ್ಲಿಗೆ ಮೊದಲ ದಿನ ಕೆಲಸಕ್ಕೆ ಹೋದ ತಾರೀಖು. ಅಮ್ಮ ಅಲ್ಲೇ ಅಂಗಡಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಲು.

ಭಾನುವಾರ ತೆಗೆಯಲ್ಲ, ಬೇರೆ ದಿನ ಹನ್ನೊಂದರ ಮೇಲೆ ಹೋಗ್ರಿ. ಒಳಗಿರೋ ಚೀಟಿ, ಗರಿ, ಫೋಟೋ ಏನೂ ತೆಗೀಬೇಡ್ರಿ, ಹೆಂಗೈತೋ ಹಂಗೇ ಬಟ್ಟೇಲಿ ಸುತ್ತಿ ತಗೊಂಡು ಹೋಗ್ರಿ.